ಬಾಲಮಂದಿರದ ಹುಡುಗನಿಗೆ 18 ತುಂಬುತ್ತಿದೆ, ಮುಂದೆ ಎಲ್ಲಿಗೆ?

ಭಾನುವಾರದ ಲೆಕ್ಕದ ಟೀಚರ್:
ನಮ್ಮೂರಿನ ಬಾಲಮಂದಿರಕ್ಕೆ ಭಾನುವಾರ ಲೆಕ್ಕ ಹೇಳಿಕೊಡಲು ಹೋಗುತ್ತೇನೆ, ಮೂರು ವರ್ಷ ಆಯಿತು. ಅಲ್ಲೊಬ್ಬ ಹುಡುಗ ಐಟಿಐ ಫಿಟ್ಟರ್ ಮೊದಲ ವರ್ಷದಲ್ಲಿದ್ದಾನೆ. ಇನ್ನು ಮೂರು ತಿಂಗಳಿಗೆ 18. ಮೊನ್ನೆ "ಅಕ್ಕಾ, ಹುಟ್ಟುಹಬ್ಬದ ದಿನವೇ ಬ್ಯಾಗ್ ಕಟ್ಟಬೇಕಂತೆ" ಅಂದ, ನಗ್ತಾ ನಗ್ತಾ. ನನಗೆ ರಾತ್ರಿ ನಿದ್ದೆ ಬರಲಿಲ್ಲ. ಅಪ್ಪ ಅಮ್ಮ ಇಲ್ಲ, ದೂರದ ಚಿಕ್ಕಪ್ಪ ಒಬ್ಬರಿದ್ದಾರೆ, ಅವರು ಇವನನ್ನು ಹೋಟೆಲ್ ಕೆಲಸಕ್ಕೆ ಹಚ್ಚಲು ಕಾಯುತ್ತಿದ್ದಾರೆ. ನಾವೇ ಇಟ್ಟುಕೊಳ್ಳೋಣ ಅಂದರೆ ಎರಡು ರೂಮಿನ ಬಾಡಿಗೆ ಮನೆ, ಅತ್ತೆ ಮಾವನೂ ಇದ್ದಾರೆ. ಕೋರ್ಸ್ ಮುಗಿಯುವವರೆಗಾದರೂ ಸರ್ಕಾರದಿಂದ ಏನಾದರೂ ಸಿಗುತ್ತದಾ?

ಹಳೇ ಕೌನ್ಸೆಲರ್:
ಸಿಗುತ್ತದೆ ಮೇಡಂ, ಆದರೆ ತಾನಾಗಿ ಬರುವುದಿಲ್ಲ. ನಾನು ಕೆಲವು ವರ್ಷ ಮಕ್ಕಳ ರಕ್ಷಣಾ ಘಟಕದಲ್ಲಿದ್ದೆ. ಬಾಲಮಂದಿರ ಬಿಟ್ಟ ಮೇಲೂ ಸಿಗುವ ಈ ನೆರವಿಗೆ ಅನುಪಾಲನೆ (ಆಫ್ಟರ್ ಕೇರ್) ಅಂತಾರೆ. 2015ರ ಬಾಲನ್ಯಾಯ ಕಾಯ್ದೆಯ 46ನೇ ಸೆಕ್ಷನ್ ಓದಿ. 18 ತುಂಬಿ ಹೊರಬರುವವರಿಗೆ ಹಣದ ನೆರವು ಕೊಡಬಹುದು ಅಂತಿದೆ. "ಕೊಡಬಹುದು", "ಕೊಡಲೇಬೇಕು" ಅಲ್ಲ. ಆ ಒಂದು "ಬಹುದು" ಹಿಡಿದುಕೊಂಡು ಎಷ್ಟು ಫೈಲ್ ಮಲಗಿದ್ದನ್ನು ನೋಡಿದ್ದೇನೋ!

ಅದೇ ಕಾಯ್ದೆಯಡಿ ಬಂದ 2016ರ ಮಾದರಿ ನಿಯಮದ ಪ್ರಕಾರ 21ರವರೆಗೆ, ತೀರಾ ಅಗತ್ಯವಿದ್ದರೆ 23ರವರೆಗೆ ನೆರವು ಮುಂದುವರಿಸಬಹುದು. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ಇದಕ್ಕೆ ತಿಂಗಳಿಗೆ 4,000 ರೂಪಾಯಿ ಇದೆ. ಮುಖ್ಯವಾದದ್ದು ಇದು: ಹುಡುಗ ಹೊರಡುವ ಎರಡು ತಿಂಗಳ ಮೊದಲೇ ಪ್ರೊಬೇಷನ್ ಅಧಿಕಾರಿಯೋ ಮಕ್ಕಳ ಕಲ್ಯಾಣ ಅಧಿಕಾರಿಯೋ ಮುಂದಿನ ಯೋಜನೆ ಬರೆದು ಮಕ್ಕಳ ಕಲ್ಯಾಣ ಸಮಿತಿಗೆ ಕೊಡಬೇಕು. ನಿಮ್ಮ ಹತ್ತಿರ ಉಳಿದಿರುವುದು ಒಂದೇ ತಿಂಗಳು. ನಾಳೆಯೇ ಹೋಗಿ ಬರೆದಿದ್ದಾರಾ ಕೇಳಿ. ಬಾಯಲ್ಲಿ ಬೇಡ, ಅರ್ಜಿ ಕೊಟ್ಟು ಸೀಲ್ ಹಾಕಿಸಿಕೊಳ್ಳಿ.

ಬೆಲ್ ಹೊಡೆದರೆ ಊಟ:
ನಾನೂ ಹೀಗೇ ಹೊರಗೆ ಬಂದವನು. ದುಡ್ಡಿನ ಮಾತು ಮೇಲೆ ಹೇಳಿದ್ದಾರೆ, ಆದರೆ 4,000ದಲ್ಲಿ ಪಿಜಿ ಬಾಡಿಗೆಯೇ ಮುಗಿಯುತ್ತದೆ, ಅಡ್ವಾನ್ಸ್ ಬೇರೆ. ನನಗೆ ಅದಕ್ಕಿಂತ ಕಷ್ಟ ಆಗಿದ್ದು ಬೇರೆಯೇ. ಹನ್ನೊಂದು ವರ್ಷ ಬೆಲ್ ಹೊಡೆದರೆ ಎದ್ದು, ಬೆಲ್ ಹೊಡೆದರೆ ಉಂಡು, ಬೆಲ್ ಹೊಡೆದರೆ ಮಲಗಿದವನಿಗೆ ಅರ್ಧ ಕೆಜಿ ಟೊಮೆಟೊ ಕೊಳ್ಳೋದು ಹೇಗೆ ಅಂತ ಗೊತ್ತಿರಲಿಲ್ಲ, ನಿಜವಾಗ್ಲೂ. ಕೆಲಸದ ಅರ್ಜಿಯಲ್ಲಿ "ಕಾಯಂ ವಿಳಾಸ" ಅಂತ ಇತ್ತು, ಅದನ್ನು ಖಾಲಿ ಬಿಟ್ಟು ಎದ್ದು ಬಂದಿದ್ದೆ.

ಮೊದಲ ದೀಪಾವಳಿಗೆ ಪಿಜಿ ಪೂರ್ತಿ ಖಾಲಿ, ಅಡುಗೆಯವರೂ ಊರಿಗೆ ಹೋಗಿದ್ದರು. ನಾನು ಬಸ್‌ಸ್ಟ್ಯಾಂಡಿಗೆ ಹೋಗಿ ಕೂತೆ, ಸುಮ್ನೆ, ಜನ ಇರ್ತಾರಲ್ಲ ಅಂತ. ಅಕ್ಕಾ, ಮನೆಯಲ್ಲಿ ಜಾಗ ಇಲ್ಲದಿದ್ದರೆ ಬೇಡ, ಹಬ್ಬಕ್ಕೆ ಕರೀರಿ.

ನೇರ ಮಾತು:
18 ಆಯ್ತಲ್ಲ, ದುಡಿದು ತಿನ್ನಲಿ. ನಾವೆಲ್ಲ ಹಾಗೇ ಬೆಳೆದವರು.

ಬೆಲ್ ಹೊಡೆದರೆ ಊಟ:
ಸರ್, ಕೆಲಸ ಹೋದಾಗ ನೀವು ಯಾರ ಮನೆಗೆ ವಾಪಸ್ ಹೋದ್ರಿ?

ಭಾನುವಾರದ ಲೆಕ್ಕದ ಟೀಚರ್:
ಇವತ್ತು ಹೋಗಿ ಬಂದೆ. ಯೋಜನೆ ಇನ್ನೂ ಬರೆದಿಲ್ಲ, ಈ ವಾರ ಬರೆಯುತ್ತೇವೆ ಅಂದರು, ಅರ್ಜಿಗೆ ಸೀಲ್ ಹಾಕಿಸಿಕೊಂಡೆ. ಇನ್ನೊಂದು ತೊಡಕು: ಅವನ ಆಧಾರ್‌ಗೆ ಜೋಡಿಸಿರುವುದು ಹಿಂದಿದ್ದ ಸಿಬ್ಬಂದಿಯೊಬ್ಬರ ನಂಬರ್, ಅದು ಈಗ ಚಾಲ್ತಿಯಲ್ಲಿಲ್ಲ. ಒಟಿಪಿ ಬರೋದೇ ಇಲ್ಲ. ಬ್ಯಾಂಕ್ ಖಾತೆಯೂ ಇಲ್ಲ.

ಹಳೇ ಕೌನ್ಸೆಲರ್:
ಹಾಗಾದರೆ ಮೊದಲು ಅದೇ. ನೆರವಿನ ಹಣ ನೇರ ಅವನ ಖಾತೆಗೇ ಬರುವುದು. ಆಧಾರ್ ಕೇಂದ್ರಕ್ಕೆ ಅವನನ್ನೇ ಕರೆದುಕೊಂಡು ಹೋಗಿ ನಂಬರ್ ಬದಲಿಸಿ. ಜಾತಿ ಪ್ರಮಾಣಪತ್ರ, ಅಂಕಪಟ್ಟಿ ಎಲ್ಲ ಅವನ ಕೈಗೇ ಬರಲಿ, ಕಚೇರಿಯ ಬೀರುವಿನಲ್ಲಿ ಉಳಿದರೆ ಆಮೇಲೆ ಹುಡುಕೋದು ಕಷ್ಟ.

ಭಾನುವಾರದ ಲೆಕ್ಕದ ಟೀಚರ್:
ಸೋಮವಾರ ಹೋಗುತ್ತಿದ್ದೇವೆ. ಸಿಮ್ ಅವನ ಹೆಸರಿಗೆ ಸಿಗುವವರೆಗೆ ನನ್ನ ನಂಬರ್ ಕೊಡಲಾ ಅಂದೆ. "ಬೇಡ ಅಕ್ಕಾ, ಮತ್ತೆ ಬದಲಿಸಬೇಕಾಗುತ್ತೆ, ನನ್ನದೇ ಬರಲಿ" ಅಂದ.