ಹ್ಯಾಕಥಾನ್‌ಗೆ ಈಗಲೇ ಜಾಲತಾಣ ಬೇಕೇ? ಅನುಭವ ಉಳ್ಳವರು ತಿಳಿಸಿ

ಪ್ರಶ್ನೆ (ಮೈಸೂರಿನ ವಿದ್ಯಾರ್ಥಿನಿ): ಫೆಬ್ರವರಿಯಲ್ಲಿ ನಮ್ಮ ಕಾಲೇಜಿನಲ್ಲಿ 24 ಗಂಟೆಗಳ ಹ್ಯಾಕಥಾನ್ (ತಂಡಗಳು ನಿಗದಿತ ಸಮಯದಲ್ಲಿ ತಂತ್ರಾಂಶ ಕಟ್ಟುವ ಸ್ಪರ್ಧೆ) ನಡೆಸಲಿದ್ದೇವೆ. ದಿನಾಂಕದ ಹೊರತು ಪ್ರಾಯೋಜಕರು, ಬಹುಮಾನ ಯಾವುದೂ ಖಚಿತವಾಗಿಲ್ಲ. ಈಗಲೇ ಜಾಲತಾಣ ಮಾಡಬೇಕೇ?

ಹುಬ್ಬಳ್ಳಿಯ ಹಳೆಯ ಸಂಘಟಕ: ಡೊಮೈನ್ (ಜಾಲತಾಣದ ವಿಳಾಸ) ಯಾರ ಹೆಸರಿನಲ್ಲಿರಬೇಕು ಎಂಬುದನ್ನು ಮೊದಲು ತೀರ್ಮಾನಿಸಿ. ನಮ್ಮ ಡೊಮೈನಿಗೆ ಮೊದಲ ವರ್ಷ 199 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ, ನವೀಕರಣಕ್ಕೆ ಕೇಳಿದ್ದು 899. ಹೋಸ್ಟಿಂಗ್‌ಗೆ, ಅಂದರೆ ತಾಣದ ಕಡತಗಳನ್ನಿಡುವ ಸರ್ವರ್ ಜಾಗಕ್ಕೆ, ತಿಂಗಳಿಗೆ 69 ರೂಪಾಯಿ ಎಂದು ದೊಡ್ಡಕ್ಷರದಲ್ಲಿದ್ದ ದರವು ಮೂರು ವರ್ಷಗಳ ಹಣವನ್ನು ಒಟ್ಟಿಗೆ ಕಟ್ಟಿದವರಿಗೆ ಮಾತ್ರ ಅನ್ವಯಿಸುತ್ತಿದ್ದುದರಿಂದ 2,484 ರೂಪಾಯಿ ಮತ್ತು ತೆರಿಗೆ ಒಂದೇ ಕಂತಿನಲ್ಲಿ ಹೋಯಿತು. ಬಿಲ್ಲು ವಿದ್ಯಾರ್ಥಿಯ ಹೆಸರಿನಲ್ಲಿದೆ ಎಂಬ ಕಾರಣಕ್ಕೆ ಕಾಲೇಜು ಒಂದು ಪೈಸೆಯನ್ನೂ ಹಿಂದಿರುಗಿಸಲಿಲ್ಲ. ನಮ್ಮ ತಂಡ ಪದವಿ ಮುಗಿಸಿ ಹೊರಟ ಮೇಲೆ ಡೊಮೈನ್ ಬೇರೆಯವರ ಪಾಲಾಯಿತು. ವಿಭಾಗದ ಗೋಡೆಯ ಮೇಲಿನ ಪೋಸ್ಟರಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಈಗ ಜೂಜಿನ ಜಾಹೀರಾತು ತೆರೆದುಕೊಳ್ಳುತ್ತದೆ.

ಶಿವಮೊಗ್ಗದ ಸಂಘಟಕಿ: ಅಷ್ಟು ಹಣ ಸುರಿಯುವ ಅಗತ್ಯವೇ ಇರಲಿಲ್ಲ. ಗಿಟ್‌ಹಬ್ ಪೇಜಸ್ ಎಂಬ ಹೋಸ್ಟಿಂಗ್ ಸೇವೆ ಉಚಿತ. ತಾಣದ ಗಾತ್ರ 1 ಜಿಬಿ, ತಿಂಗಳ ಬ್ಯಾಂಡ್‌ವಿಡ್ತ್ (ಓದುಗರಿಗೆ ಹೋಗುವ ಒಟ್ಟು ದತ್ತಾಂಶ) 100 ಜಿಬಿ ಎಂಬ ಮಿತಿ ಇಂಥ ಕಾರ್ಯಕ್ರಮಕ್ಕೆ ಧಾರಾಳವಾಗಿ ಸಾಕು. ದಿನಾಂಕ, ಸ್ಥಳ, ಯಾರು ಭಾಗವಹಿಸಬಹುದು, ಪ್ರಾಯೋಜಕರು ಬರೆಯಬೇಕಾದ ಇಮೇಲ್, ನೀತಿಸಂಹಿತೆ, ಇಷ್ಟನ್ನೇ ಹೊತ್ತ ಒಂದು ಪುಟದಿಂದ ನಾವು ಆರಂಭಿಸಿದೆವು. ಯಾವ ಕಂಪನಿಗೆ ಕರೆ ಮಾಡಿದರೂ ಮೊದಲು ಕೇಳುತ್ತಿದ್ದುದು ಜಾಲತಾಣದ ಕೊಂಡಿಯನ್ನೇ. ನಮ್ಮನ್ನು ಕಾಡಿದ್ದು ಡಿಎನ್‌ಎಸ್, ಅಂದರೆ ಡೊಮೈನನ್ನು ಸರ್ವರ್‌ಗೆ ಜೋಡಿಸುವ ವ್ಯವಸ್ಥೆ: ಹಳೆಯ ಹೋಸ್ಟಿಂಗ್‌ನ ಎ ರೆಕಾರ್ಡ್ (ಸರ್ವರ್ ಎಲ್ಲಿದೆಯೆಂದು ಸೂಚಿಸುವ ನಮೂದು) ಒಂದು ಉಳಿದುಕೊಂಡಿದ್ದರಿಂದ ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಎಚ್‌ಟಿಟಿಪಿಎಸ್ ಪ್ರಮಾಣಪತ್ರ ಸಿಗದೆ, ಘೋಷಣೆಯ ದಿನವೇ ಬ್ರೌಸರ್ ಎಚ್ಚರಿಕೆ ತೋರಿಸಿತು.

ಹುಬ್ಬಳ್ಳಿಯ ಹಳೆಯ ಸಂಘಟಕ: ಹಣ ಸುರಿದೆವು ಎನ್ನುವುದು ಸುಲಭ. ನಮ್ಮ ತಂಡದಲ್ಲಿ ಗಿಟ್ (ಗಿಟ್‌ಹಬ್‌ನ ಕಡತಗಳನ್ನು ಬದಲಿಸಲು ಬಳಸುವ ಸಾಧನ) ಬಲ್ಲವನು ಒಬ್ಬನೇ ಇದ್ದ. ಪರೀಕ್ಷೆಯ ನಡುವೆ ಒಂದು ದಿನಾಂಕ ಬದಲಿಸಲು ಅವನ ಹಾಸ್ಟೆಲ್ ಕೋಣೆಯ ಬಾಗಿಲು ತಟ್ಟುವ ಬದಲು, ಕೋಡ್ ಬರೆಯದೆ ಎಲ್ಲರೂ ತಿದ್ದಬಹುದಾದ ವರ್ಡ್‌ಪ್ರೆಸ್ ತಂತ್ರಾಂಶ ಆರಿಸಿಕೊಂಡೆವು. ಆ ನಿರ್ಧಾರವನ್ನು ಇಂದಿಗೂ ಸಮರ್ಥಿಸುತ್ತೇನೆ.

ತುಮಕೂರಿನ ಪಾಲಿಟೆಕ್ನಿಕ್ ಉಪನ್ಯಾಸಕ: ನೀವಿಬ್ಬರೂ ತಾಣ ಎಲ್ಲಿರಬೇಕೆಂದು ಜಗಳವಾಡುತ್ತಿದ್ದೀರಿ, ಯಾರು ಓದುತ್ತಾರೆಂದು ಯೋಚಿಸುತ್ತಿಲ್ಲ. ನಮ್ಮ ಡಿಪ್ಲೊಮಾ ವಿದ್ಯಾರ್ಥಿಗಳು ಹೆಚ್ಚಾಗಿ ನೋಂದಾಯಿಸಿದ್ದು ಕನ್ನಡ ಪುಟ ಬಂದ ಮೇಲೆಯೇ. ಕಚೇರಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಕೊಟ್ಟ ಪಠ್ಯ ತಾಣದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡಿತು. ಅಷ್ಟನ್ನೂ ಎಲ್ಲ ಸಾಧನಗಳಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಪರಿವರ್ತಿಸಿ ಒತ್ತಕ್ಷರಗಳನ್ನು ಕೈಯಾರೆ ತಿದ್ದಬೇಕಾಯಿತು. ಕೊಂಡಿ ಹರಡುವುದು ವಾಟ್ಸ್ಆ್ಯಪ್‌ನಲ್ಲಿ, ಆದ್ದರಿಂದ ಕೊಂಡಿಯ ಜೊತೆ ಕಾಣುವ ಮುನ್ನೋಟದ ಚಿತ್ರ ಹಗುರವಾಗಿರಲಿ. ನಾವು ಹಾಕಿದ್ದ 4 ಎಂಬಿ ಪೋಸ್ಟರ್ ಅಲ್ಲಿ ಕಾಣಿಸಲೇ ಇಲ್ಲ.

ಶಿವಮೊಗ್ಗದ ಸಂಘಟಕಿ: ಸರ್, ಯಾರಿಗಾಗಿ ಎಂದು ಯೋಚಿಸಿಲ್ಲ ಎಂಬ ಮಾತನ್ನು ಒಪ್ಪುವುದಿಲ್ಲ. ನಾವೂ ಎರಡು ಭಾಷೆಗಳಲ್ಲಿ ಮಾಡಿದ್ದೆವು. ಕೊನೆಯ ದಿನಾಂಕ ಮುಂದೂಡಿದಾಗ ಇಂಗ್ಲಿಷ್ ಪುಟ ಬದಲಾಯಿತು, ಕನ್ನಡ ಪುಟ ಹಾಗೆಯೇ ಉಳಿಯಿತು. ಅವಧಿ ಮುಗಿಯಿತೆಂದು ಹಿಂದೆ ಸರಿದವರು ಕನ್ನಡ ಪುಟ ಓದಿದವರೇ.

ತುಮಕೂರಿನ ಪಾಲಿಟೆಕ್ನಿಕ್ ಉಪನ್ಯಾಸಕ: ಅದು ಕನ್ನಡ ಪುಟದ ದೋಷವಲ್ಲಮ್ಮ. ದಿನಾಂಕಗಳನ್ನು ಒಂದೇ ಕಡತದಲ್ಲಿಟ್ಟು, ಎರಡೂ ಪುಟಗಳು ಅಲ್ಲಿಂದಲೇ ಓದಿಕೊಳ್ಳುವಂತೆ ಮಾಡಬೇಕು. ನಮ್ಮಲ್ಲಿ ದಿನಾಂಕ ಎರಡು ಸಲ ಬದಲಾದರೂ ಆ ಗೊಂದಲ ಬರಲಿಲ್ಲ.