ಮೆಗ್‌ಳ ಹೃದಯ ಎಲ್ಲಿಂದ ಬಂತು? 'ಬ್ರೈಡ್ ಆಫ್ ರೀ-ಅನಿಮೇಟರ್' ಬಗ್ಗೆ ಚರ್ಚೆ

ಹಳೇ ರೀಲು:
1990ರ 'ಬ್ರೈಡ್ ಆಫ್ ರೀ-ಅನಿಮೇಟರ್' ಮತ್ತೆ ನೋಡಿದೆ. 1985ರ ಮೊದಲ ಭಾಗವನ್ನು ಎಲ್ಲರೂ ಹೊಗಳುತ್ತಾರೆ. ಇದನ್ನು ಮಾತ್ರ ದುಡ್ಡಿಗಾಗಿ ಅಂಟಿಸಿದ ಬಾಲ ಅಂತ ಬದಿಗೆ ತಳ್ಳುತ್ತಾರೆ. ಅದು ಅನ್ಯಾಯ. ನೋಡದವರಿಗೆ ಕಥೆ ಹೇಳುತ್ತೇನೆ. ಹರ್ಬರ್ಟ್ ವೆಸ್ಟ್ ಹೊಳೆಯುವ ಹಸಿರು ದ್ರವ ಚುಚ್ಚಿ ಹೆಣಗಳನ್ನು ಎಬ್ಬಿಸುತ್ತಾನೆ. ಎದ್ದವರು ಹುಚ್ಚು ಹಿಡಿದವರಂತೆ ಮೈಮೇಲೆ ಬೀಳುತ್ತಾರೆ. ಅವನ ಜೊತೆಗಾರ ಡ್ಯಾನ್. ಡ್ಯಾನ್‌ನ ಹುಡುಗಿ ಮೆಗ್ ಮೊದಲ ಭಾಗದ ಕೊನೆಗೆ ಸಾಯುತ್ತಾಳೆ. ಎರಡನೆಯದರಲ್ಲಿ ಡ್ಯಾನ್‌ಗೆ ಇದೆಲ್ಲ ಸಾಕಾಗಿರುತ್ತದೆ, ಹೊರಟುಹೋಗಬೇಕು ಅಂತಿರುತ್ತಾನೆ. ಆಗ ವೆಸ್ಟ್ ಮೆಗ್‌ಳ ಹೃದಯವನ್ನು ತೋರಿಸುತ್ತಾನೆ. ಹೆಣಗಳ ಅಂಗಗಳನ್ನು ಹೊಲಿದು ಆ ಹೃದಯಕ್ಕೊಂದು ಹೊಸ ಮೈ ಕಟ್ಟೋಣ ಅನ್ನುತ್ತಾನೆ. ಡ್ಯಾನ್ ಉಳಿದುಬಿಡುತ್ತಾನೆ. ಮೊದಲ ಭಾಗದಲ್ಲಿ ರಕ್ತ ಇತ್ತು, ನಗು ಇತ್ತು. ಸತ್ತವರನ್ನು ಬಿಟ್ಟುಕೊಡಲಾಗದವನ ಸಂಕಟ ಇರುವುದು ಇದರಲ್ಲೇ.

ಇರುಳುಗಣ್ಣು:
"ಮೆಗ್ ಮೊದಲ ಭಾಗದ ಕೊನೆಗೆ ಸಾಯುತ್ತಾಳೆ" ಅಂತ ಹೇಳಿ ಮುಗಿಸಿಬಿಟ್ಟಿರಲ್ಲ! ಅದು ಕೊನೆಯೇ ಅಲ್ಲ. ಲಿಫ್ಟ್‌ನಲ್ಲಿ ಅವಳ ಕತ್ತು ಹಿಚುಕುತ್ತಾರೆ. ಆಸ್ಪತ್ರೆಯಲ್ಲಿ ಡ್ಯಾನ್ ಉಳಿಸಲು ನೋಡುತ್ತಾನೆ, ಆಗುವುದಿಲ್ಲ. ಆಮೇಲೆ ಹಸಿರು ದ್ರವ ಚುಚ್ಚುತ್ತಾನೆ. ತೆರೆ ಕಪ್ಪಾಗುತ್ತದೆ, ಒಂದು ಕಿರುಚು ಕೇಳಿಸುತ್ತದೆ. ಅಂದರೆ ಮೆಗ್ ಎದ್ದಳು. ಎರಡನೇ ಭಾಗ ಅದನ್ನು ನುಂಗಿಕೊಂಡು ಹೃದಯ ಮಾತ್ರ ಕೈಗಿಡುತ್ತದೆ. ಇದು ನೋಡುಗರಿಗೆ ಮಾಡಿದ ಮೋಸ.

ಹಳೇ ರೀಲು:
ಮೋಸ ಅನ್ನೋದು ದೊಡ್ಡ ಮಾತು. ಎರಡು ಕಥೆಗಳ ನಡುವೆ 8 ತಿಂಗಳು ಕಳೆದಿದೆ. ಅಷ್ಟರಲ್ಲಿ ಏನಾಯಿತು ಅಂತ ಊಹಿಸುವುದು ಅಷ್ಟು ಕಷ್ಟವಾ? ಎದ್ದವಳು ಉಳಿಯಲಿಲ್ಲ, ಅಷ್ಟೇ.

ಇರುಳುಗಣ್ಣು:
"ಊಹಿಸುವುದು." ಸರಿಯಾದ ಪದವನ್ನೇ ಹಿಡಿದಿರಿ. ಮೊದಲ ಭಾಗದ ಅತಿ ಭಯಂಕರ ಗಳಿಗೆಗೆ ಉತ್ತರವನ್ನು ನಾವೇ ಊಹಿಸಬೇಕು. ಹಾಗಾದರೆ ಸಿನಿಮಾ ಯಾಕೆ ಬೇಕು?

ಮೂರನೇ ಸಾಲು:
ಇಬ್ಬರೂ ಒಂದು ವಿಷಯ ಬಿಟ್ಟಿದ್ದೀರಿ. ಅದು ಎದ್ದವಳ ಕಿರುಚು ಅಂತ ಹೇಗೆ ಖಚಿತ? ತೆರೆ ಕಪ್ಪಾಗಿದೆ, ಯಾರೂ ಕಾಣುವುದಿಲ್ಲ. ಬೇಕಂತಲೇ ಹಾಗೆ ಬಿಟ್ಟಿದ್ದಾರೆ.

ಇರುಳುಗಣ್ಣು:
ಹೆಣ್ಣಿನ ದನಿ ಅದು. ಹಾಸಿಗೆ ಮೇಲೆ ಇದ್ದವಳು ಮೆಗ್. ಇನ್ಯಾರದ್ದು ಕಿರುಚು? ಸುಮ್ನೆ ವಾದಕ್ಕೆ ವಾದ ಮಾಡಬೇಡಿ.

ಕಪ್ಪುಬಿಳುಪು:
ನೀವೆಲ್ಲ ಹೆಸರನ್ನೇ ಮರೆತಿದ್ದೀರಿ. ಈ ಸಿನಿಮಾದ ಹಿರಿಯಕ್ಕ 1935ರ 'ಬ್ರೈಡ್ ಆಫ್ ಫ್ರಾಂಕನ್‌ಸ್ಟೈನ್'. ಅಲ್ಲೂ ಕಟ್ಟಿದ ಹೆಣ್ಣು ಕೊನೆಯ ಕೆಲವೇ ನಿಮಿಷ ಬರುತ್ತಾಳೆ. ಯಾರಿಗಾಗಿ ಅವಳನ್ನು ಮಾಡಿದರೋ ಅವನನ್ನು ನೋಡಿ ಬೆಚ್ಚಿ ಕಿರುಚುತ್ತಾಳೆ. ಇಲ್ಲಿ ಅದು ತಿರುಗಾಮುರುಗಾ. ಹೆಣ್ಣು ಎದ್ದು ಪ್ರೀತಿ ಕೇಳುತ್ತಾಳೆ, ಡ್ಯಾನ್ ಬೇಡ ಅನ್ನುತ್ತಾನೆ. ಅವಳು ಎದೆಯಿಂದ ಮೆಗ್‌ಳ ಹೃದಯವನ್ನು ಕಿತ್ತು ಅವನ ಮುಂದೆ ಹಿಡಿಯುತ್ತಾಳೆ. ಹೊಲಿಗೆ ಬಿಚ್ಚಿ ಮೈ ಕಳಚಿ ಬೀಳುತ್ತದೆ. ಆ ದೃಶ್ಯ ನೋಡಿ ನನ್ನ ಕಣ್ಣು ತುಂಬಿತ್ತು. ಬ್ರಯನ್ ಯುಜ್ನಾ ಇದೊಂದಕ್ಕೇ ನಿರ್ದೇಶಕ ಅನಿಸಿಕೊಳ್ಳಬೇಕು.

ಇರುಳುಗಣ್ಣು:
"ನಿರ್ದೇಶಕ." ಹಾ, ಸಮಸ್ಯೆ ಇರೋದೇ ಅಲ್ಲಿ. ಮೊದಲ ಭಾಗದ ನಿರ್ದೇಶಕ ಸ್ಟುವರ್ಟ್ ಗಾರ್ಡನ್, ಶಿಕಾಗೋದ ರಂಗಭೂಮಿಯಿಂದ ಬಂದವನು. ಆಗ ಯುಜ್ನಾ ನಿರ್ಮಾಪಕ ಮಾತ್ರ. ಗಾರ್ಡನ್ ಆ ಕಿರುಚನ್ನು ಇಟ್ಟ. ಯುಜ್ನಾ ಅದನ್ನು ಅಳಿಸಿದ.

ಕಾಡುಹೂವು:
ಕಿರುಚು ಸಾಕು ಮಾಡಿ. ಐದು ಬೆರಳಿಗೆ ಒಂದು ಕಣ್ಣು ಅಂಟಿಸಿದ ಆ ಪುಟ್ಟ ಜೀವಿ ಬಗ್ಗೆ ಯಾರೂ ಮಾತಾಡುವುದಿಲ್ಲವೇ? ಕಂಪ್ಯೂಟರ್ ಇಲ್ಲದ ಕಾಲ. ಡೇವಿಡ್ ಅಲೆನ್ ಒಂದೊಂದು ಚೌಕಟ್ಟಿಗೂ ಗೊಂಬೆಯನ್ನು ಚೂರು ಚೂರೇ ಕದಲಿಸಿ ಓಡಾಡಿಸಿದ್ದಾನೆ. ಕಡಿಮೆ ದುಡ್ಡಿನ ಸಿನಿಮಾದಲ್ಲಿ ಇಂಥ ಕೈಕೆಲಸ ನೋಡಿದರೆ ನನಗೆ ಕೈಮುಗಿಯಬೇಕು ಅನಿಸುತ್ತದೆ.

ಮೂರನೇ ಸಾಲು:
"ಅಳಿಸಿದ" ಅನ್ನೋದು ತಪ್ಪು. ಮೆಗ್ ಆಗಿ ನಟಿಸಿದ ಬಾರ್ಬರಾ ಕ್ರ್ಯಾಂಪ್ಟನ್ ಎರಡನೆಯದರಲ್ಲಿ ಇಲ್ಲ. ಮುಖ ಇಲ್ಲದೆ ಮೆಗ್‌ಳನ್ನು ಹೇಗೆ ತರಬೇಕಿತ್ತು? ಹೃದಯ ಮಾತ್ರ ತಂದದ್ದು ಜಾಣತನ.

ಇರುಳುಗಣ್ಣು:
ಜಾಣತನ ಅಲ್ಲ, ಅನುಕೂಲ. ಎರಡನೇ ಭಾಗದ ಒಳಗಿನದ್ದೇ ಸಾಕ್ಷಿ ಕೊಡುತ್ತೇನೆ. ಆಸ್ಪತ್ರೆಯಲ್ಲಿ ಎದ್ದ ಹೆಣಗಳನ್ನು ಕೂಡಿಹಾಕಿದ್ದಾರೆ. ಪೊಲೀಸ್ ಅಧಿಕಾರಿ ಚಾಪಮ್‌ನ ಹೆಂಡತಿಯೂ ಅವರಲ್ಲಿ ಒಬ್ಬಳು. ಅಂದರೆ ಎದ್ದವರು ತಿಂಗಳುಗಟ್ಟಲೆ ಇರುತ್ತಾರೆ. ಹಾಗಿದ್ದರೆ ಮೆಗ್ ಎಲ್ಲಿ? ಯಾಕೆ ಆ ಕೋಣೆಯಲ್ಲಿ ಇಲ್ಲ?

ಹಳೇ ರೀಲು:
ಮೊಸರಲ್ಲಿ ಕಲ್ಲು ಹುಡುಕುತ್ತಿದ್ದೀರಿ. ಹಾಗೆ ನೋಡಿದರೆ ವೆಸ್ಟ್ ಹೇಗೆ ಉಳಿದ? ಮೊದಲ ಭಾಗದಲ್ಲಿ ಅವನನ್ನು ಕೊನೆಗೆ ನೋಡುವುದು ಅವನ ವೈರಿ, ಸತ್ತು ಎದ್ದ ಡಾಕ್ಟರ್ ಹಿಲ್‌ನ ಕರುಳು ಸುತ್ತಿಕೊಂಡಾಗ. ಹಿಲ್‌ನ ಕತ್ತರಿಸಿದ ತಲೆಯನ್ನು ಹಿಚುಕಿ ಎಸೆದಿದ್ದರು. ಎರಡನೆಯದರಲ್ಲಿ ಅದೇ ತಲೆ ಬಾವಲಿ ರೆಕ್ಕೆ ಕಟ್ಟಿಕೊಂಡು ಹಾರುತ್ತದೆ. ಅದರ ಬಗ್ಗೆ ನಿಮ್ಮ ತಕರಾರಿಲ್ಲ. ಮೆಗ್ ಒಬ್ಬಳ ಲೆಕ್ಕ ಮಾತ್ರ ಬೇಕು!

ಇರುಳುಗಣ್ಣು:
ಹೌದು, ಅವಳ ಲೆಕ್ಕವೇ ಬೇಕು! ಹಿಲ್‌ನ ತಲೆ ಹಾರಿದರೆ ನಗು ಬರುತ್ತದೆ. ಮೆಗ್ ನಗುವ ವಿಷಯ ಅಲ್ಲ. ನೀವೇ "ಸಂಕಟ" ಅಂತ ಶುರು ಮಾಡಿದವರು. ಅವಳು ಎದ್ದು ಓಡಾಡಿದ್ದರೆ, ಯಾರೋ ಅವಳ ಎದೆ ಸೀಳಿ ಹೃದಯ ತೆಗೆದಿದ್ದಾರೆ. ತೆಗೆದವನು ವೆಸ್ಟ್. ಡ್ಯಾನ್ ಅವನ ಜೊತೆಗೇ ಒಂದೇ ಮನೆಯಲ್ಲಿ ಇದ್ದಾನೆ, ಪೆರುವಿಗೂ ಅವನ ಹಿಂದೆ ಹೋಗಿ ಬಂದಿದ್ದಾನೆ. ಇಂಥವನ ದುಃಖಕ್ಕೆ ನಾನು ಅಳಬೇಕಾ? ಸಾಧ್ಯವಿಲ್ಲ.

ತಾಳೆಗರಿ:
ಪೆರು ಅಂದಿರಲ್ಲ, ಅದಕ್ಕೇ ಬಂದೆ. ಎರಡನೇ ಭಾಗ ಪೆರುವಿನ ಯುದ್ಧದ ನಡುವಿನ ಆಸ್ಪತ್ರೆ ಡೇರೆಯಲ್ಲಿ ಶುರುವಾಗುವುದು ಯಾಕೆ ಅಂತ ಯೋಚಿಸಿದ್ದೀರಾ? ಅಮೆರಿಕದ ಭಯಾನಕ ಕಥೆಗಾರ ಲವ್‌ಕ್ರಾಫ್ಟ್‌ನ ಮೂಲ ಕಥೆಯನ್ನು ಓದಿ. 1922ರಲ್ಲಿ 'ಹೋಮ್ ಬ್ರೂ' ಪತ್ರಿಕೆಯಲ್ಲಿ ಆರು ಕಂತಾಗಿ ಬಂತು. ಕಂತಿಗೆ 5 ಡಾಲರ್ ಕೊಟ್ಟಿದ್ದರು. ಐದನೇ ಕಂತಿನಲ್ಲಿ ವೆಸ್ಟ್ ಮೊದಲ ಮಹಾಯುದ್ಧದ ರಣರಂಗದಲ್ಲಿ ಹೆಣಗಳ ಮೇಲೆ ಪ್ರಯೋಗ ಮಾಡುತ್ತಾನೆ. ಸರೀಸೃಪದ ಭ್ರೂಣದ ಅಂಗಾಂಶವನ್ನೂ ಬೆಳೆಸಿರುತ್ತಾನೆ. ಸಿನಿಮಾದಲ್ಲಿ ಅದೇ ವೆಸ್ಟ್ ಬಳಸುವ ಇಗ್ವಾನಾದ (ದೊಡ್ಡ ಹಲ್ಲಿಯಂಥ ಪ್ರಾಣಿ) ಗರ್ಭದ ನೀರಾಗಿದೆ. ಕಥೆಯ ತಲೆಯಿಲ್ಲದ ಸೇನಾಧಿಕಾರಿ ಕ್ಲಾಪಮ್-ಲೀ, ಸಿನಿಮಾದ ಪೊಲೀಸ್ ಚಾಪಮ್. ಗೋಡೆ ಒಡೆದು ಹೆಣಗಳು ನುಗ್ಗುವ ಕೊನೆಯೂ ಅಲ್ಲಿಂದಲೇ ಬಂದದ್ದು. ಮೂಲಕ್ಕೆ ಹತ್ತಿರ ಇರೋದು ಎರಡನೇ ಭಾಗವೇ.

ಇರುಳುಗಣ್ಣು:
ಮೂಲದಲ್ಲಿ ಮೆಗ್ ಇದ್ದಾಳಾ?

ತಾಳೆಗರಿ:
ಇಲ್ಲ. ಡ್ಯಾನ್ ಕೂಡ ಇಲ್ಲ, ಕಥೆ ಹೇಳುವವನಿಗೆ ಹೆಸರೇ ಇಲ್ಲ. ಆದರೆ ನಾನು ಹೇಳಿದ್ದು ಅದಲ್ಲ.

ಇರುಳುಗಣ್ಣು:
ಇಲ್ಲ ಅಂದಮೇಲೆ ಮುಗಿಯಿತು. ಮೆಗ್ ಸಿನಿಮಾದವರ ಮಗಳು. ಹೊಣೆಯೂ ಅವರದ್ದೇ.

ತಾಳೆಗರಿ:
ನಾಲ್ಕು ಹೋಲಿಕೆ ಕೊಟ್ಟೆ, ಒಂದಕ್ಕೂ ಉತ್ತರ ಇಲ್ಲ. ನಿಮ್ಮ ಜೊತೆ ಮಾತಾಡಿ ಉಪಯೋಗ ಇಲ್ಲ, ನಾನು ಹೊರಟೆ.

ಮೂರನೇ ಸಾಲು:
ಮೊದಲ ಭಾಗದಲ್ಲಿ ಹಿಲ್ ಮತ್ತು ವೆಸ್ಟ್ ತರಗತಿಯಲ್ಲಿ ಜಗಳ ಆಡುವುದು ಮಿದುಳಿನ ವಿಷಯಕ್ಕೆ. ಸತ್ತು 12 ನಿಮಿಷ ಆದಮೇಲೆ ಮಿದುಳು ವಾಪಸ್ ಬರುವುದಿಲ್ಲ ಅಂತ ಹಿಲ್, ಬರುತ್ತದೆ ಅಂತ ವೆಸ್ಟ್. ಎದ್ದವರು ಯಾರೂ ಮೊದಲಿನ ಮನುಷ್ಯರಲ್ಲ. ಹಾಗಾಗಿ ಎದ್ದದ್ದು ಮೆಗ್ ಆಗಿದ್ದರೂ ಅದು ಮೆಗ್ ಅಲ್ಲ. ಡ್ಯಾನ್‌ಗೆ ಅದು ಗೊತ್ತಾಗಿ ತಾನೇ ಅವಳನ್ನು ಮತ್ತೆ ಮಲಗಿಸಿರಬಹುದು.

ಇರುಳುಗಣ್ಣು:
"ಮಲಗಿಸಿರಬಹುದು"! ಅಂದರೆ ಡ್ಯಾನ್ ಮೆಗ್‌ಳನ್ನು ಕೊಂದ ಅಂತ ಹೇಳುತ್ತಿದ್ದೀರಿ. ಮತ್ತೆ ಅದೇ ಡ್ಯಾನ್ ಅವಳ ಹೃದಯಕ್ಕಾಗಿ ಕಾಯುತ್ತಾನಾ? ನೀವು ಸಿನಿಮಾ ಉಳಿಸಲು ಹೋಗಿ ನಾಯಕನನ್ನೇ ಕೊಲೆಗಾರ ಮಾಡಿಬಿಟ್ಟಿರಿ!

ಕಪ್ಪುಬಿಳುಪು:
ನನಗೆ ಆ ಓದು ಇಷ್ಟವಾಯಿತು. ಕೊಂದವನೇ ಹೃದಯಕ್ಕಾಗಿ ಕಾಯುತ್ತಾನೆ. ಅದಕ್ಕೇ ಹೊಸ ಹೆಣ್ಣನ್ನು ಕಣ್ಣೆತ್ತಿ ನೋಡಲಾಗುವುದಿಲ್ಲ. ಅವಳ ತಲೆಯಾದರೂ ಯಾರದ್ದು? ಗ್ಲೋರಿಯಾ ಅಂತ, ಡ್ಯಾನ್ ಕೈಯಲ್ಲೇ ಚಿಕಿತ್ಸೆ ಪಡೆದು ಸತ್ತ ರೋಗಿ. ಉಳಿಸಲಾಗದ ಇಬ್ಬರನ್ನು ಒಂದೇ ಮೈಯಲ್ಲಿ ಅವನ ಎದುರಿಗೆ ನಿಲ್ಲಿಸಿದ್ದಾರೆ. ವೆಸ್ಟ್ ಪಾದಗಳಿಂದ ಶುರು ಮಾಡಿ ಒಂದೊಂದೇ ಅಂಗ ತೋರಿಸುತ್ತಾನೆ, ಪಾದ ಬ್ಯಾಲೆ ನರ್ತಕಿಯದ್ದು ಅಂತ ಹೆಮ್ಮೆಯಿಂದ ಹೇಳುತ್ತಾನೆ. ವೆಸ್ಟ್ ಆಗಿ ನಟಿಸಿದ ಜೆಫ್ರಿ ಕೂಂಬ್ಸ್ ದನಿಯಲ್ಲಿ ಎಷ್ಟು ಖುಷಿ! ಡ್ಯಾನ್ ಮುಖ ನೋಡಿ ಆಗ. ಖುಷಿ ಅಲ್ಲ ಅದು.

ಹಳೇ ರೀಲು:
ಹೌದು! ನಾನು ಮೊದಲ ಮಾತಿನಲ್ಲಿ ಹೇಳಲು ಬಂದದ್ದು ಇದನ್ನೇ. ಇಷ್ಟು ಹೊತ್ತು ಒಂದು ಕಿರುಚಿನ ಹಿಂದೆ ಓಡಿದೆವು.

ಇರುಳುಗಣ್ಣು:
ಗ್ಲೋರಿಯಾ ವಿಷಯ ಒಪ್ಪುತ್ತೇನೆ, ಅದು ಚೆನ್ನಾಗಿದೆ. ಆದರೆ ಕಿರುಚು ಸಣ್ಣದಲ್ಲ. ನಾನು ಕೇಳಿದ್ದು ಒಂದೇ ಪ್ರಶ್ನೆ. ಕಿರುಚಿದವಳು ಎಲ್ಲಿ ಹೋದಳು?

ಮೂರನೇ ಸಾಲು:
ಸತ್ತಳು. ಎರಡನೇ ಸಲ.

ಇರುಳುಗಣ್ಣು:
ಯಾವ ದೃಶ್ಯದಲ್ಲಿ? ನಿಮಿಷ ಹೇಳಿ, ಹೋಗಿ ನೋಡುತ್ತೇನೆ.

ಕಾಡುಹೂವು:
ನಾಯಿಗೆ ಮನುಷ್ಯನ ಕೈ ಜೋಡಿಸಿದ ದೃಶ್ಯದ ಬಗ್ಗೆಯಾದರೂ ಯಾರಾದರೂ ಮಾತಾಡಿ, ಪ್ಲೀಸ್.