ಆಡ್ ಬ್ಲಾಕರ್ ಹಾಕಿದ್ರ ಜಾಹೀರಾತು ಬರೂದೇ ಇಲ್ಲೋ, ಬಂದ ಮ್ಯಾಲೆ ಮುಚ್ತೈತೋ?

ಬ್ಯಾಡಗಿ ಝೆರಾಕ್ಸ್:
ನಮಸ್ಕಾರ್ರಿ ಎಲ್ಲಾರಿಗೂ. ಬ್ಯಾಡಗ್ಯಾಗ ನಂದು ಸಣ್ಣ ಝೆರಾಕ್ಸ್, ಆನ್‌ಲೈನ್ ಅಂಗಡಿ ಐತಿ, ಎರಡು ಹಳೇ ಕಂಪ್ಯೂಟರ್, 4 ಜಿಬಿ ರ‍್ಯಾಮ್. ಸೀಸನ್ನಿನ್ಯಾಗ ರೈತರು ಮೆಣಸಿನಕಾಯಿ ರೇಟ್ ನೋಡಿ ಹೇಳ್ರಿ ಅಂತ ಬರ್ತಾರ, ಪೇಜ್ ತಗದ್ರ ಸಾಕು ನಾಕೂ ಕಡಿಂದ ಜಾಹೀರಾತು ಬಂದು ಮೌಸ್ ಸೈತ ಅಳ್ಳಾಡಂಗಿಲ್ಲ. ಹ್ವಾದ ವಾರ ಒಬ್ಬ ಅಜ್ಜಾರಿಗೆ ಫಾರ್ಮ್ ತಗ್ಯಾಕ ಹೋಗಿ ಡೌನ್‌ಲೋಡ್ ಅಂತಿದ್ದ ಹಸರು ಬಟನ್ ಒತ್ತಿದೆ, ಅದೂ ಜಾಹೀರಾತೇ, ಎಂಥದೋ ಸಾಫ್ಟ್‌ವೇರ್ ಬಂದು ಕುಂತು ಅದನ್ನ ತಗಿಯೂದ್ರಾಗ ಸಂಜಿ ಆತು. ಬ್ಲಾಕರ್ ಹಾಕಬೇಕಂತ ಮಾಡೇನಿ, ಆದ್ರ ಬಂದ ಮ್ಯಾಲೆ ಮುಚ್ಚೂದಾದ್ರ ನೆಟ್ ಅಂತೂ ಖರ್ಚಾಗೇ ಆಗ್ತೈತಿ ಅಲ್ರಿ?

ಧಾರವಾಡದಾಂವ:
ಬರಾಕೇ ಬಿಡಂಗಿಲ್ರಿ. ಪೇಜ್ ತಗದಾಗ ಮೊದಲು ಬರೂದು ಅದರ ಹೆಚ್‌ಟಿಎಂಎಲ್, ಅಂದ್ರ ಪೇಜ್ ಹೆಂಗಿರಬೇಕಂತ ಬರದ ಕಡತ, ಅದರಾಗ ಫೋಟೋ ಇಲ್ಲಿಂದ ತಾ, ಸ್ಕ್ರಿಪ್ಟ್ (ಪೇಜಿನ್ಯಾಗ ಓಡೂ ಸಣ್ಣ ಪ್ರೋಗ್ರಾಮ್) ಅಲ್ಲಿಂದ ತಾ ಅಂತ ವಿಳಾಸ ಇರ್ತಾವ, ಬ್ರೌಸರ್ ಒಂದೊಂದಕ್ಕೂ ಬ್ಯಾರೆ ಬ್ಯಾರೆ ರಿಕ್ವೆಸ್ಟ್ ಕಳಸ್ತೈತಿ. ಬ್ಲಾಕರ್ ಆ ವಿಳಾಸನ್ನ ತನ್ನ ಲಿಸ್ಟಿಗೆ ಹಚ್ಚಿ ನೋಡ್ತೈತಿ, ಲಿಸ್ಟಿನ್ಯಾಗಿದ್ರ ರಿಕ್ವೆಸ್ಟ್ ಹೊರಗ ಹೋಗೂದೇ ಇಲ್ಲ. ಸ್ಕ್ರಿಪ್ಟ್ ಬರಲಿಲ್ಲಂದ್ರ ಅದು ಮುಂದ ಎಳಕೊಂಡು ಬರೂ ಹತ್ತು ಜಾಹೀರಾತೂ ಬರಂಗಿಲ್ಲ, ನಿಮ್ಮ ಹಳೇ ಕಂಪ್ಯೂಟರಿಗೆ ಹಗರ ಅನಸೂದು ಇದಕ್ಕೇ. ಜಾಹೀರಾತಿಗೆ ಈಸಿಲಿಸ್ಟ್ ಅಂತ 2005ರಿಂದ ಐತಿ, ನೀವು ಎಲ್ಲೆಲ್ಲಿ ಹೋಗ್ತೀರಿ ಅಂತ ಬೆನ್ನ ಹತ್ತೂ ಟ್ರ್ಯಾಕರಿಗೆ ಈಸಿಪ್ರೈವಸಿ. ಆ ಸೈಟಿನ ಪೇಜಿನ್ಯಾಗೇ ಬೆರೆತು ಬಂದ ಜಾಹೀರಾತು ಮಾತ್ರ ಬಂದ ಮ್ಯಾಲೇ ಮುಚ್ಚೂದು.

ಇನ್ನ ಟ್ರ್ಯಾಕರ್ ಅಂದ್ರ ಕಣ್ಣಿಗೆ ಕಾಣಂಗಿಲ್ರಿ, ಕೆಲವು ಒಂದೇ ಪಿಕ್ಸೆಲ್ಲಿನ ಚಿತ್ರ ಇರ್ತಾವ. ರೇಟಿನ ಸೈಟಿನ್ಯಾಗೂ ಅದ, ಸುದ್ದಿ ಸೈಟಿನ್ಯಾಗೂ ಅದ, ಎರಡೂ ಕಡೆ ಒಂದೇ ಕುಕೀ (ಬ್ರೌಸರಿನ್ಯಾಗ ಇಟ್ಟ ಗುರ್ತಿನ ಚೀಟಿ) ನೋಡಿ ಇದು ಅದೇ ಬ್ರೌಸರ್ ಅಂತ ಗುರ್ತ ಹಿಡಿತಾವ. ನಿಮ್ಮಂಥ ಅಂಗಡ್ಯಾಗ ಹತ್ತು ಮಂದಿ ಕೆಲಸ ಒಂದೇ ಬ್ರೌಸರಿನ್ಯಾಗ ಆಗ್ತೈತಿ, ಅದಕ್ಕ ಇದನ್ನೂ ತಡೀಬೇಕ್ರಿ.

ಬ್ಯಾಡಗಿ ಝೆರಾಕ್ಸ್:
ಭಾಳ ಚಲೋ ಹೇಳಿದ್ರಿ ಅಣ್ಣಾರ. ಯಾವುದು ಹಾಕ್ಲಿ? ಹೆಸರು ಭಾಳ ಅದಾವ.

ಹುಬ್ಬಳ್ಳಿ ಸರ್ವೀಸ್:
ಯುಬ್ಲಾಕ್ ಒರಿಜಿನ್ ಹಾಕ್ರಿ, ಒರಿಜಿನ್ ಅನ್ನೂ ಶಬ್ದ ಇರಾಕಬೇಕು ನೋಡ್ರಿ. ರೇಮಂಡ್ ಹಿಲ್ ಅನ್ನೋರು ಮಾಡಿದ್ದು, ಓಪನ್ ಸೋರ್ಸ್, ರೊಕ್ಕ ಕೇಳಂಗಿಲ್ಲ. ಫೈರ್‌ಫಾಕ್ಸ್‌ನ್ಯಾಗ ಪೂರಾ ನಡಿತೈತಿ. ಕ್ರೋಮ್ ಮ್ಯಾನಿಫೆಸ್ಟ್ ವಿ3 ಅಂತ ಹೊಸ ನಿಯಮ ತಂದೈತಿ, ಮೊದಲ ಎಕ್ಸ್‌ಟೆನ್ಶನ್, ಅಂದ್ರ ಬ್ರೌಸರಿಗೆ ಜೋಡಸೂ ಇಂಥ ಬ್ಲಾಕರ್, ತಾನೇ ಒಂದೊಂದು ರಿಕ್ವೆಸ್ಟ್ ನೋಡಿ ತಡೀತಿತ್ತು, ಈಗ ನಿಯಮಾ ಬರದು ಬ್ರೌಸರ್ ಕೈಯಾಗ ಕೊಟ್ಟು ಸುಮ್ನ ಕುಂಡ್ರಬೇಕು, ಅದಕ್ಕ ಅಲ್ಲಿ ಯುಬ್ಲಾಕ್ ಒರಿಜಿನ್ ಲೈಟ್ ಅಂತ ಬ್ಯಾರೆ ಐತಿ, ಕಸುವು ಸ್ವಲ್ಪ ಕಡಿಮಿ. ಎರಡು ಬ್ಲಾಕರ್ ಒಟ್ಟಿಗೆ ಹಾಕಬ್ಯಾಡ್ರಿ, ಒಂದಕ್ಕೊಂದು ಅಡ್ಡ ಬರ್ತಾವ.

ಗದಗ ಮಾಸ್ತರ:
ಸರಕಾರಿ ಫಾರ್ಮ್ ತುಂಬೂ ಮುಂದ ಪೇಜ್ ಕೆಟ್ರ ಬ್ಲಾಕರಿನ ಐಕಾನ್ ಒತ್ತಿ ಅದನ್ನ ಆ ಸೈಟಿಗಷ್ಟೇ ಬಂದ್ ಮಾಡ್ರಿ. ಜಾಹೀರಾತಿನ ಮ್ಯಾಲೇ ಬದುಕೂ ಸಣ್ಣ ಕನ್ನಡ ಸೈಟಿಗೂ ನಾ ಹಂಗೇ ಬಿಟ್ಟೇನಿ, ಅವರೂ ಉಣಬೇಕಲ್ರಿ.

ಬ್ಯಾಡಗಿ ಝೆರಾಕ್ಸ್:
ಫೈರ್‌ಫಾಕ್ಸ್‌ನ್ಯಾಗ ಹಾಕಿದೆ. ರೇಟಿನ ಪೇಜ್ ಗಪ್ಪನ ಬಂತು. ಐಕಾನಿನ ಮ್ಯಾಲೆ 47 ಅಂತ ತೋರಸಾಕತ್ತೈತಿ, ಇವಿಷ್ಟೂ ಒಂದೇ ಪೇಜಿಂದೇನ್ರಿ?

ಧಾರವಾಡದಾಂವ:
ಹೌದ್ರಿ, ಒಂದೇ ಪೇಜಿನ್ಯಾಗ ತಡೆದ ರಿಕ್ವೆಸ್ಟ್ ಅವು. ಪೇಜ್ ಹಂಗೇ ಬಿಟ್ಟು ಕುಂಡ್ರಿ, ಅದು ಏರ್ಕೋತ ಹೋಗಬಹುದು.